ಗಂಜೀಫಾ: ಬಿಡಿ ಎಲೆಯ ಬೆಲೆ

ಇಸ್ಪೀಟನ್ನು ನಾವು ಎಲೆಯೆಂದು ಕರೆಯುತ್ತೇವೆ. ಎಲೆ ಕಲಸುವುದು, ಎಲೆ ಹಂಚುವುದು, ಎಲೆ ಇಳಿಸುವುದು, ಇವು ಕನ್ನಡ ನಾಡಿನ ಯಾವ ಊರಿನಲ್ಲಿ ಹೇಳಿದರೂ ಅರ್ಥವಾಗುವ ಮಾತುಗಳು. ಆದರೆ ಕಾರ್ಖಾನೆಯಲ್ಲಿ ರಟ್ಟನ್ನು ಕತ್ತರಿಸಿ ಮಾಡಿದ, ನಾಲ್ಕು ಮೂಲೆಯುಳ್ಳ ಈ ಚೂರಿಗೆ ಎಲೆಯೆಂಬ ಹೆಸರು ಏತಕ್ಕೆ ಬಂದಿತೆಂದು ನೀವು ಎಂದಾದರೂ ಯೋಚಿಸಿದ್ದುಂಟೆ? ಆಟದ ಉಳಿದ ಹೆಸರುಗಳೆಲ್ಲ ಹೊರಗಿನಿಂದ ಬಂದವು. ಕಳಾವರವು ಡಚ್ಚರ ‘ಕ್ಲಾವರ್’ ಶಬ್ದವನ್ನೂ ಆಟೀನು ಅವರ ‘ಹಾರ್ಟನ್’ ಶಬ್ದವನ್ನೂ ಹೋಲುತ್ತವೆ. ಡೈಮನ್ನು ಇಂಗ್ಲಿಷಿನದು. ಗುಲಾಮನು ಅರಬ್ಬೀ ನೆಲದವನು, ಫಾರಸಿಯ ಕೈಹಿಡಿದು ನಮ್ಮಲ್ಲಿಗೆ ಬಂದವನು. ಈ ಪರದೇಶಿ ಪರಿವಾರದ ನಡುವೆ ‘ಎಲೆ’ಯೊಂದೇ ಅಚ್ಚಗನ್ನಡದ ಮಾತಾಗಿ ಕುಳಿತಿದೆ.

ಸಂಸ್ಕೃತದಲ್ಲಿ ಛದವೆಂದರೂ ಎಲೆಯೇ. ಅಮರಸಿಂಹನು ತನ್ನ ನಿಘಂಟಿನಲ್ಲಿ ಪತ್ರ, ದಲ, ಪರ್ಣಗಳ ಸಾಲಿನಲ್ಲಿಯೇ ಅದನ್ನು ಎಣಿಸಿದ್ದಾನೆ. ಮೈಸೂರಿನ ಅರಮನೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಒಂದು ಬಗೆಯ ಆಟಗಳಿಗೆ ಈ ‘ಛದ’ವೆಂಬ ಹೆಸರೇ ಇದ್ದಿತು. ಅದು ಇಸ್ಪೀಟಿಗಿಂತ ಹಿಂದೆಯೇ ನಮ್ಮ ದೇಶಕ್ಕೆ ಬಂದು ನೆಲೆಸಿದ ಗಂಜೀಫಾ ಆಟದ ವಂಶದ್ದು. ತಾಳೆಗರಿಯ ಮೇಲೆ ಬರೆದ ಗಂಜೀಫಾ ಎಲೆಗಳೂ ದೇಶದಲ್ಲಿ ಇದ್ದುದರಿಂದ, ಇಸ್ಪೀಟು ಬಂದಾಗ ಅದಕ್ಕೆ ಕೊಡಲು ನಮ್ಮ ಹಿರಿಯರ ನಾಲಗೆಯ ಮೇಲೆ ಈ ಹೆಸರು ಸಿದ್ಧವಾಗಿದ್ದಿರಬೇಕು ಎಂಬುದು ನನ್ನ ಊಹೆ. ಆಟ ಹೋಯಿತು, ಹೆಸರು ಉಳಿಯಿತು. ಆ ಎಲೆಗಳೂ ಅಲ್ಲಲ್ಲಿ ಉಳಿದಿವೆ. ಅವುಗಳಿಗೆ ಈಗ ಬೆಲೆಯೂ ಬಂದಿದೆ. ಆ ಬೆಲೆಯ ವಿಚಾರವಾಗಿಯೇ ನಿಮ್ಮೊಡನೆ ನಾಲ್ಕು ಮಾತನ್ನು ಆಡಬೇಕೆಂದಿದ್ದೇನೆ.

ಮೊದಲು ಆ ವಸ್ತು ಎಂಥದೆಂದು ತಿಳಿಯಬೇಕಷ್ಟೆ. ಗಂಜೀಫಾ ಎಲೆ ಸಾಮಾನ್ಯವಾಗಿ ದುಂಡಗೆ, ಅಂಗೈಯಲ್ಲಿ ಅಡಗುವಷ್ಟು ಇರುತ್ತದೆ. ದೊರೆಗಳಿಗಾಗಿ ಆನೆಯ ದಂತದಲ್ಲಿಯೂ ಆಮೆಯ ಚಿಪ್ಪಿನಲ್ಲಿಯೂ ಮಾಡುತ್ತಿದ್ದರು. ಪೇಟೆಯ ಜನರಿಗಾದರೋ ಬಟ್ಟೆ ಅಥವಾ ಕಾಗದ. ಹಳೆಯ ಬಟ್ಟೆಯನ್ನು ಪದರ ಪದರವಾಗಿ ಹುಣಿಸೆಬೀಜದ ಅಂಟಿನಿಂದ ಸೇರಿಸಿ, ಸುಣ್ಣದ ಪುಡಿ ಬಳಿದು, ಒಣಗಿಸಿ, ನುಣುಪಾದ ಕಲ್ಲಿನಿಂದ ತಿಕ್ಕಿ, ದುಂಡಗೆ ಕತ್ತರಿಸಿ, ಅದರ ಮೇಲೆ ಬಣ್ಣದಲ್ಲಿ ಚಿತ್ರ ಬರೆದು, ಕಡೆಗೆ ಅರಗಿನ ಮೆರುಗನ್ನು ಕೊಡುವುದು ಅದರ ಕ್ರಮ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆಯ ತೋಪನ್ನು ನೀವು ನೋಡಿರಬಹುದು. 2007ರಲ್ಲಿ ಅದನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸಾರಿದರು. ಹುಣಿಸೆಯ ಹಣ್ಣಿಗೆ ಎಷ್ಟು ಉಪಯೋಗವುಂಟೋ ಅದರ ಬೀಜಕ್ಕೂ ಅಷ್ಟೇ ಉಂಟೆಂಬುದನ್ನು ಈಚಿನವರು ಮರೆತಿದ್ದಾರೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯವರಿಗೆ ನೂಲಿಗೆ ಗಂಜಿ ಕೊಡುವುದು ಗೊತ್ತು; ಅವರು ಈ ಎಲೆಯ ಗಟ್ಟಿತನದ ಗುಟ್ಟನ್ನು ಕೂಡಲೇ ತಿಳಿಯಬಲ್ಲರು. ಹಾಗೆಂದು ಗಂಜಿಯಿಂದಲೇ ಗಂಜೀಫಾ ಬಂದಿತೆಂದು ಯಾರಾದರೂ ವ್ಯುತ್ಪತ್ತಿ ಹೇಳಿದರೆ ನಂಬಬೇಡಿ. ನಮ್ಮ ತರಗತಿಗಳಲ್ಲಿ ಪ್ರತಿವರ್ಷವೂ ಒಬ್ಬ ಜಾಣ ಹುಡುಗ ಆ ವ್ಯುತ್ಪತ್ತಿಯನ್ನು ಹೊಸದಾಗಿ ಕಂಡುಹಿಡಿಯುತ್ತಾನೆ.

ಆಟದ ಹೆಸರು ನಮ್ಮ ದೇಶದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಿಸುವುದು ಬಾಬರನ ಆತ್ಮಕಥೆಯಲ್ಲಿ. 1527ರಲ್ಲಿ ಆತನು ಸಿಂಧದ ಠಟ್ಟಾದಲ್ಲಿದ್ದ ಷಾ ಹಸನನಿಗೆ, ಅವನು ಕೇಳಿದ್ದನೆಂದು, ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟನು. ಅಕ್ಬರನ ಕಾಲಕ್ಕೆ ಅಬುಲ್ ಫಜಲನು ಐನೆ ಅಕ್ಬರಿಯಲ್ಲಿ ಆಟದ ಎಲೆಗಳನ್ನು ಒಂದೊಂದಾಗಿ ವರ್ಣಿಸಿದ್ದಾನೆ. ಮೊಗಲರ ಕಟ್ಟಿನಲ್ಲಿ ಎಂಟು ಪಂಗಡ, 96 ಎಲೆ. ಪಂಗಡಗಳ ಹೆಸರು ಕಿರೀಟ, ಕತ್ತಿ, ನಾಣ್ಯ, ಗುಲಾಮ ಮುಂತಾದವು. ಇಸ್ಪೀಟಿನ ಜೊತೆಯಲ್ಲಿ ನಮಗೆ ಸಿಕ್ಕ ಗುಲಾಮನ ಹೆಸರು ಈ ಆಟದಲ್ಲಿ ಅದಕ್ಕಿಂತ ಹಿಂದೆಯೇ ಇದ್ದಿತು. ಪ್ರತಿಯೊಂದು ಪಂಗಡಕ್ಕೂ ಒಬ್ಬ ಅರಸು, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ರಾಣಿಯಿಲ್ಲ. ಇದು ಏತಕ್ಕೆಂದು ಕೇಳುವ ಓದುಗಿನಿಯರಿಗೆ ನನ್ನಲ್ಲಿ ಉತ್ತರವಿಲ್ಲವಾದರೂ, ಮೈಸೂರಿನ ದೊರೆಯೊಬ್ಬನು ಪರಿವಾರವನ್ನು ಹಿಗ್ಗಿಸಿದ ವಿಚಾರವನ್ನು ಮುಂದೆ ಹೇಳುತ್ತೇನೆ.

ಇದೇ ಆಟವು ಹಿಂದೂ ಮನೆಗಳಿಗೆ ಬಂದಾಗ ಕಿರೀಟ ಕತ್ತಿಗಳ ಜಾಗದಲ್ಲಿ ವಿಷ್ಣುವಿನ ಹತ್ತು ಅವತಾರಗಳು ಬಂದು ಕುಳಿತವು. ದಶಾವತಾರದ ಗಂಜೀಫಾದಲ್ಲಿ ಹತ್ತು ಪಂಗಡ, ಪಂಗಡಕ್ಕೆ ಹನ್ನೆರಡರಂತೆ 120 ಎಲೆ. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ, ಕಲ್ಕಿಗೆ ಕತ್ತಿ ಅಥವಾ ಕುದುರೆ. ಮೀನಿನ ಐದು ಎಂದರೆ ದುಂಡು ಎಲೆಯಲ್ಲಿ ಐದು ಮೀನುಗಳು. ಮೂವರು ಕುಳಿತು ಆಡಿದರೆ ಒಬ್ಬೊಬ್ಬರ ಪಾಲಿಗೆ 40 ಎಲೆ. ಹಗಲಿನಲ್ಲಿ ಆಟ ತೊಡಗಿದರೆ ರಾಮನ ಎಲೆಯುಳ್ಳವನು ಮೊದಲು ಇಳಿಯಬೇಕು. ದೀಪ ಹಚ್ಚಿದ ಮೇಲಾದರೆ ಕೃಷ್ಣನ ಎಲೆಯುಳ್ಳವನು. ತುರುಫಿನ ಸಹಾಯವಿಲ್ಲ. ಐದು ಪಂಗಡಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಐದರಲ್ಲಿ ಅದು ತಲೆಕೆಳಗು, ಅರಸು ಮಂತ್ರಿಗಳ ತರುವಾಯ ಒಂದೇ ದೊಡ್ಡದು. ಯಾವ ಪಂಗಡದಲ್ಲಿ ಅರಸು ಹೋದನು, ಮಂತ್ರಿ ಯಾರ ಕೈಯಲ್ಲಿ ಉಳಿದಿದ್ದಾನೆ, ಈಗ ಮೇಲಿನ ಎಲೆ ಯಾವುದು ಎಂಬುದನ್ನು ಹತ್ತು ಪಂಗಡಗಳಲ್ಲಿಯೂ ನೆನಪಿನಲ್ಲಿಡದವನು ಗೆಲ್ಲುವುದು ಸಾಧ್ಯವಿಲ್ಲ. ಅವಧಾನಿಗಳಿಗೆ ಒಪ್ಪುವ ಆಟವೆಂದರೆ ತಪ್ಪಾಗದು.

ಇನ್ನು ಮೈಸೂರಿಗೆ ಬರೋಣ. ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದ ಮೇಲೆ, ಅದೇ ವರ್ಷ ಐದು ವರ್ಷದ ಬಾಲಕನೊಬ್ಬನನ್ನು ಮೈಸೂರಿನ ಸಿಂಹಾಸನದ ಮೇಲೆ ಕುಳ್ಳಿರಿಸಿದರು. ಅವನೇ ಮುಮ್ಮಡಿ ಕೃಷ್ಣರಾಜ ಒಡೆಯರು. ದಿವಾನ್ ಪೂರ್ಣಯ್ಯನವರ ಕಾಲ ಮುಗಿದ ಮೇಲೆ ಸುಮಾರು ಇಪ್ಪತ್ತು ವರ್ಷ ತಾವೇ ಆಳಿದರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕೈಯಿಂದ ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೇಳು ವರ್ಷ, ರಾಜ್ಯವಿಲ್ಲದ ರಾಜರಾಗಿ ಅರಮನೆಯಲ್ಲಿ ಉಳಿದರು. ಕಂದಾಯ, ದಂಡು, ನ್ಯಾಯ, ಒಂದೂ ಅವರ ಕೈಯಲ್ಲಿರಲಿಲ್ಲ. ಉಳಿದದ್ದು ಪಂಡಿತರು, ಚಿತ್ರಗಾರರು, ಸಂಗೀತಗಾರರು, ಗ್ರಂಥಗಳು.

ಚದುರಂಗದಲ್ಲಿ ಅವರಿಗಿದ್ದ ಆಸಕ್ತಿ ಪ್ರಸಿದ್ಧವಾದದ್ದು. ಒಂದು ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಸಮಸ್ಯೆಯನ್ನು ಅವರು ಬಗೆಬಗೆಯಾಗಿ ಬಿಡಿಸಿದರು. ಗಂಜೀಫಾದಲ್ಲಂತೂ ಅವರು ಹಿಂದಿನವರ ದಾರಿಯಲ್ಲಿ ನಿಲ್ಲಲೇ ಇಲ್ಲ. ಕೃಷ್ಣರಾಜ ಛದದಲ್ಲಿ ನಾಲ್ಕೇ ಪಂಗಡ, ಆದರೆ ಪಂಗಡಕ್ಕೆ 18ರಂತೆ 72 ಎಲೆ. ಚಾಮುಂಡೇಶ್ವರೀ ಛದದಲ್ಲಿ 16 ಪಂಗಡ, 320 ಎಲೆ. ಜಗನ್ಮೋಹನ ಛದದಲ್ಲಿ 18 ಪಂಗಡ, 360 ಎಲೆ! ನವಗ್ರಹಗಳಿಗೆ ಒಂದು ಛದ, ದಿಕ್ಪಾಲಕರಿಗೆ ಒಂದು. ಪಂಗಡಕ್ಕೆ 18 ಎಲೆಯುಳ್ಳ ಛದದಲ್ಲಿ ಹನ್ನೆರಡು ಎಣಿಕೆಯ ಎಲೆಗಳ ಮೇಲೆ ಪರಿವಾರದ ಎಲೆಗಳು ಎರಡಕ್ಕೆ ಬದಲಾಗಿ ಆರು. ಹಳೆಯ ಆಟದಲ್ಲಿ ಇಲ್ಲದ ತುರುಫನ್ನೂ ತಂದು ಸೇರಿಸಿದರು. ಇದನ್ನು ಕಾಲಹರಣವೆಂದು ಬರೆದವರುಂಟು. ನನಗೆ ಹಾಗೆ ತೋರುವುದಿಲ್ಲ. ದಂಡನ್ನೂ ಮಂತ್ರಿಗಳನ್ನೂ ಕಳೆದುಕೊಂಡ ದೊರೆ, ಯಾರೂ ಕಿತ್ತುಕೊಳ್ಳಲಾಗದ ದಂಡನ್ನೂ ಮಂತ್ರಿಗಳನ್ನೂ ದುಂಡು ಎಲೆಗಳ ಮೇಲೆ ನಿಲ್ಲಿಸಿದರೆ ನಗುವಂಥದೇನಿದೆ?

360 ಎಲೆಯ ಆಟ ಪೇಟೆಬೀದಿಗೆ ಇಳಿಯಲಿಲ್ಲವೆಂಬುದು ನಿಜ. ಈ ಛದಗಳು ಅರಮನೆಯ ಗೋಡೆಗಳನ್ನು ದಾಟಿ ಬಹು ದೂರ ಹೋದಂತೆ ಕಾಣುವುದಿಲ್ಲ. ಆದರೆ ಮುಮ್ಮಡಿಯವರು ಆಟವನ್ನು ಕಟ್ಟಿದ್ದಕ್ಕಿಂತ ದೊಡ್ಡದಾದ ಇನ್ನೊಂದು ಕೆಲಸವನ್ನು ಮಾಡಿದರು: ಅದನ್ನು ಬರೆಸಿಟ್ಟರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯೆಂಬ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳು. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ದೇವತೆಗಳ ರೂಪಲಕ್ಷಣಗಳಿಂದ ತೊಡಗಿ ಒಂಬತ್ತನೆಯದಾದ ಕೌತುಕನಿಧಿಗೆ ಬಂದರೆ ಅಲ್ಲಿ ಆಟಗಳು. ಯಾವ ಛದದಲ್ಲಿ ಯಾವ ಪಂಗಡ, ಎಲೆಯ ಮೇಲೆ ಯಾವ ದೇವತೆ, ಯಾವ ಬಣ್ಣ, ಯಾವ ವಾಹನ ಎಂಬುದು ಅಲ್ಲಿ ಸಂಸ್ಕೃತದ ಶ್ಲೋಕಗಳಲ್ಲಿ, ಕನ್ನಡ ಲಿಪಿಯಲ್ಲಿ ಇದೆ, ಚಿತ್ರಗಳೂ ಇವೆ. ಇಂದು ಜಗತ್ತೆಲ್ಲ ಮಾತನಾಡುವ ಯೋಗಾಸನಗಳ 122 ಚಿತ್ರಗಳು ದೊರೆತದ್ದೂ ಇದೇ ಶ್ರೀತತ್ತ್ವನಿಧಿಯಲ್ಲಿ. ಆಸನಗಳಿಗೆ ಬಂದ ಭಾಗ್ಯ ಎಲೆಗಳಿಗೆ ಬರಲಿಲ್ಲ, ಅಷ್ಟೆ.

ಆಟ ಏಕೆ ಅಳಿಯಿತೆಂಬುದಕ್ಕೆ ದೊಡ್ಡ ವಿಚಾರಣೆ ಬೇಡ. ಯಂತ್ರದಲ್ಲಿ ಅಚ್ಚಾದ 52 ಎಲೆಯ ಕಟ್ಟು ಅಗ್ಗವಾಗಿ ಅಂಗಡಿಗೆ ಬಂದಿತು. ಚಿತ್ರಗಾರನೊಬ್ಬನು ದಿನಗಟ್ಟಲೆ ಕುಳಿತು ಬರೆಯಬೇಕಾದ 120 ಎಲೆ ಅದರ ಮುಂದೆ ನಿಲ್ಲಲಾರದೆ ಹೋಯಿತು. ಒಡಿಶಾದಲ್ಲಿಯೂ ಬಂಗಾಳದ ಬಿಷ್ಣುಪುರದಲ್ಲಿಯೂ ಸಣ್ಣ ದೀಪದಂತೆ ಕೆಲಸ ಉಳಿಯಿತು. ನಮ್ಮ ಗಡಿಯ ಆಚೆಯ ಸಾವಂತವಾಡಿಯಲ್ಲಿ 1970ರ ದಶಕದಲ್ಲಿ ಅಲ್ಲಿನ ರಾಜಮನೆತನದವರೇ ಹಳೆಯ ಚಿತ್ರಗಾರರಿಂದ ಕಲಿತು ಅರಮನೆಯಲ್ಲಿ ಕೆಲಸವನ್ನು ಮತ್ತೆ ಹೂಡಿದರು. ಮೈಸೂರಿನ ಕಡೆ, ಗಂಜೀಫಾವೆಂಬುದೇ ಹೆಸರಿನ ಮುಂದೆ ಬಿರುದಿನಂತೆ ನಿಂತ ರಘುಪತಿ ಭಟ್ಟರು ಹೊಸ ಎಲೆಗಳನ್ನು ಬರೆದು ಕಲೆಯನ್ನು ಜನರ ಕಣ್ಣಿಗೆ ತಂದರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಹೀಗೆ ಬರೆಯುವವರಿದ್ದಾರೆ, ಕೊಂಡು ಗೋಡೆಗೆ ತೂಗುಹಾಕುವವರೂ ಇದ್ದಾರೆ. ಕುಳಿತು ಆಡುವವರನ್ನು ಮಾತ್ರ ಹುಡುಕಬೇಕು.

ಹಳೆಯ ಎಲೆಗಳನ್ನು ಮೊದಲು ಶ್ರದ್ಧೆಯಿಂದ ಕೂಡಿಸಿದವರಲ್ಲಿ ಒಬ್ಬನು ಜರ್ಮನಿಯವನು. ರುಡಾಲ್ಫ್ ಫಾನ್ ಲೈಡನ್ ಎಂಬಾತನು 1933ರಲ್ಲಿ ಮುಂಬಯಿಗೆ ಬಂದನು. ಓದಿದ್ದು ಭೂವಿಜ್ಞಾನ, ಹೆಸರು ಮಾಡಿದ್ದು ಪತ್ರಿಕೆಯ ಕಲಾವಿಮರ್ಶಕನಾಗಿ. ಅವನು ಗಂಜೀಫಾ ಎಲೆಗಳನ್ನು ಕೊಂಡದ್ದು ಮಾತ್ರವಲ್ಲ, ಆಡಿದ ಮುದುಕರನ್ನೂ ಬರೆದ ಚಿತ್ರಗಾರರನ್ನೂ ವಿಚಾರಿಸಿದನು. ಮೈಸೂರಿನ ಛದಗಳ ಮೇಲೆಯೇ ಒಂದು ಪುಸ್ತಕವನ್ನು ಬರೆದು 1973ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದನು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಂಜೀಫಾ ಪ್ರದರ್ಶನ ನಡೆದಾಗ ಅದರ ಗ್ರಂಥವನ್ನು ಬರೆದವನೂ ಅವನೇ. ಮೈಸೂರಿನಲ್ಲಿ ಕನ್ನಡ ಲಿಪಿಯಲ್ಲಿದ್ದ ವಿಷಯವನ್ನು ತಿಳಿಯಲು ಕನ್ನಡಿಗನು ವಿಯೆನ್ನಾದ ಪುಸ್ತಕವನ್ನು ಹುಡುಕಬೇಕಾಗಿ ಬಂದದ್ದು ಹೊಗಳಿಕೆಯ ಮಾತಲ್ಲ. ಆದರೆ ಅದು ಲೈಡನ್ನನ ದೋಷವೂ ಅಲ್ಲ.

ಸಂಗ್ರಹವೆಂದರೆ ಕೊಳ್ಳುವುದೋ, ತಿಳಿಯುವುದೋ? ಈ ಪ್ರಶ್ನೆಯನ್ನು ಬಿಡಿಸಿಕೊಳ್ಳಲು ಕ್ಷಣಕಾಲ ಅಮೆರಿಕಕ್ಕೆ ಹೋಗಿಬರೋಣ. ನಮ್ಮ ಶಾಲೆಯ ಹುಡುಗರ ಜೇಬಿನಲ್ಲಿ ಕ್ರಿಕೆಟ್ ಆಟಗಾರರ ಚಿತ್ರದ ಎಲೆಗಳನ್ನು ನೀವು ನೋಡಿದ್ದೀರಿ. ತನ್ನಲ್ಲಿ ಎರಡಾಗಿರುವುದನ್ನು ಕೊಟ್ಟು ಇಲ್ಲದ್ದನ್ನು ಪಡೆಯುವ ಅವರ ವ್ಯಾಪಾರ ಬಿಡುವಿನ ವೇಳೆಯ ಉದ್ದಕ್ಕೂ ನಡೆದಿರುತ್ತದೆ. ಅಮೆರಿಕದಲ್ಲಿ ಕ್ರಿಕೆಟ್ಟಿನ ದಾಯಾದಿಯಂತಿರುವ ಬೇಸ್‌ಬಾಲ್ ಆಟಗಾರರ ಚಿತ್ರದ ಎಲೆಗಳು ನೂರು ವರ್ಷಕ್ಕೂ ಹಿಂದೆ ಸಿಗರೇಟಿನ ಪೊಟ್ಟಣದಲ್ಲಿ ಬರುತ್ತಿದ್ದವು. 1909ರಿಂದ 1911ರವರೆಗೆ ಬಂದ ಒಂದು ಮಾಲೆಯಲ್ಲಿ ಹೊನಸ್ ವ್ಯಾಗ್ನರ್ ಎಂಬ ಆಟಗಾರನ ಎಲೆಯನ್ನು ಅಚ್ಚುಹಾಕುವುದು ಬೇಗನೆ ನಿಂತುಹೋಯಿತು. ಉಳಿದದ್ದು ಬೆರಳೆಣಿಕೆಯಷ್ಟು. ಅಂಥದೊಂದು ಚೂರು ರಟ್ಟು 2022ರಲ್ಲಿ ಎಪ್ಪತ್ತೆರಡೂವರೆ ಲಕ್ಷ ಡಾಲರಿಗೆ ಮಾರಿತು. ಅದೇ ವರ್ಷ ಮಿಕ್ಕಿ ಮ್ಯಾಂಟಲ್ ಎಂಬಾತನ 1952ರ ಎಲೆ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಇದರ ತಮಾಷೆಯೇನೆಂದರೆ, 1952ರ ಆ ಮಾಲೆಯ ಮಾರಾಟವಾಗದ ಪೆಟ್ಟಿಗೆಗಳನ್ನು ಗೋದಾಮಿನಲ್ಲಿ ಜಾಗ ಸಾಲದೆಂದು 1960ರಲ್ಲಿ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆನೆಂದು ಆ ಕಂಪನಿಯವನೇ ಹೇಳಿಕೊಂಡಿದ್ದಾನೆ.

ಇಷ್ಟು ಹೇಳಿದರೆ ಹುಡುಗರ ಕಣ್ಣು ಅರಳುತ್ತದೆ. ಆದರೆ ಆ ದೇಶದ ಎಲೆಗಳ ಕಥೆಯಲ್ಲಿ ನನಗೆ ಹೆಚ್ಚಿನವನಾಗಿ ಕಾಣುವವನು ಕೋಟಿ ಕೊಟ್ಟವನಲ್ಲ, ಜೆಫರ್ಸನ್ ಬರ್ಡಿಕ್ ಎಂಬ ಬಡ ಕಾರ್ಖಾನೆಯ ಕೆಲಸಗಾರ. ಸಿರಕ್ಯೂಸ್ ಊರಿನವನು, ಸಂಧಿವಾತದಿಂದ ಕೈಬೆರಳುಗಳು ತಿರುಚಿಹೋದವನು, ಮದುವೆಯಿಲ್ಲದವನು. ಆಗ ಈ ಎಲೆಗಳನ್ನು ಮಕ್ಕಳ ಆಟಿಕೆಯೆಂದು ಎಲ್ಲರೂ ಬಿಸಾಡುತ್ತಿದ್ದರು. ಯಾವ ಮಾಲೆಯಲ್ಲಿ ಎಷ್ಟು ಎಲೆ, ಯಾವುದು ಯಾವ ಕಂಪನಿಯದು ಎಂದು ಬರ್ಡಿಕ್ಕನು ಕುಳಿತು ಪಟ್ಟಿ ಮಾಡಿದನು. ಅವನ ಮೊದಲನೆಯ ಪಟ್ಟಿ 1939ರಲ್ಲಿ ಅಚ್ಚಾಯಿತು. ವ್ಯಾಗ್ನರನ ಮಾಲೆಯನ್ನು ಇಂದಿಗೂ ‘ಟಿ 206’ ಎಂದು ಕರೆಯುತ್ತಾರೆ; ಆ ಗುರುತು ಬರ್ಡಿಕ್ಕನು ಕೊಟ್ಟದ್ದು, ‘ಟಿ’ ಎಂದರೆ ಟೊಬ್ಯಾಕೊ, ಹೊಗೆಸೊಪ್ಪು. ತನ್ನ ಮೂರು ಲಕ್ಷಕ್ಕೂ ಹೆಚ್ಚಿನ ಚೂರುಪಾರುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿದನು. ಅವುಗಳಲ್ಲಿ ಬೇಸ್‌ಬಾಲ್ ಎಲೆಗಳೇ ಮೂವತ್ತು ಸಾವಿರಕ್ಕೆ ಮೇಲೆ. ದಾನಮಾಡಿ ಸುಮ್ಮನಾಗದೆ ಅಲ್ಲಿಗೇ ಹೋಗಿ ಕುಳಿತು, ಆ ತಿರುಚಿದ ಬೆರಳುಗಳಿಂದಲೇ ಒಂದೊಂದನ್ನೂ ಪುಸ್ತಕಕ್ಕೆ ಅಂಟಿಸಿ, 1963ರ ಜನವರಿಯಲ್ಲಿ ಕಡೆಯದನ್ನು ಮುಗಿಸಿದನು. ಎರಡು ತಿಂಗಳಲ್ಲಿ ತೀರಿಕೊಂಡನು.

ಇಲ್ಲಿ ಒಂದು ಸೂಕ್ಷ್ಮವುಂಟು. ಪಟ್ಟಿಯಿಲ್ಲದಿದ್ದರೆ ವ್ಯಾಗ್ನರನ ಎಲೆ ಅಪರೂಪವೆಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲವೆಂದು ಹೇಳಬೇಕಾದರೆ ಎಷ್ಟಿರಬೇಕಿತ್ತೆಂಬುದು ತಿಳಿದಿರಬೇಕಲ್ಲವೆ? ಬಿಡಿ ಎಲೆಗೆ ಬೆಲೆ ಬರುವುದು ಅದು ಯಾವ ಸಾಲಿನಲ್ಲಿ ಎಷ್ಟನೆಯದೆಂದು ಹೇಳಬಲ್ಲ ಪಟ್ಟಿಯಿಂದ. ಅಮೆರಿಕದ ಎಲೆಗಳಿಗೆ ಆ ಪಟ್ಟಿಯನ್ನು ಒಬ್ಬ ಕೂಲಿಯವನು ಬರೆದನು. ಮೈಸೂರಿನ ಎಲೆಗಳಿಗೆ ಅದಕ್ಕಿಂತ ಸುಮಾರು ನೂರು ವರ್ಷ ಹಿಂದೆಯೇ ಒಬ್ಬ ದೊರೆ ಬರೆಸಿದ್ದರು.

ಪಟ್ಟಿಯಿದ್ದೂ ನಮ್ಮಲ್ಲಿ ಆದದ್ದೇನು? ಕಟ್ಟು ಒಡೆಯಿತು. ಅರಸನ ಎಲೆಯಲ್ಲಿ ರಥ, ಆನೆ, ಸಿಂಹಾಸನ, ಚಾಮರ ಹಿಡಿದ ಪರಿವಾರ. ನೋಡಿದವರು ಕೊಳ್ಳುತ್ತಾರೆ, ಗಾಜಿನ ಚೌಕಟ್ಟಿನಲ್ಲಿ ಒಪ್ಪುತ್ತದೆ. ಮಂತ್ರಿಯದು ಕುದುರೆ; ಅದಕ್ಕೂ ಗಿರಾಕಿಯುಂಟು. ನಾಲ್ಕು ಆಮೆ, ಏಳು ಕೊಡಲಿಯ ಎಲೆಯನ್ನು ಕೇಳುವವರಾರು? ಹೀಗೆ ಅರಸರು ಬೇರೆ ಬೇರೆ ಊರುಗಳ ಗೋಡೆಗಳನ್ನು ಸೇರಿದರು. ಪ್ರಜೆಗಳು ಕಸದ ಪಾಲಾದರು. 120ರಲ್ಲಿ 20 ಎಲೆ ಅರಸು ಮಂತ್ರಿಯರದು. ಉಳಿದ 100 ಎಣಿಕೆಯವು. ಆಟ ನಡೆಯುತ್ತಿದ್ದದ್ದು ಆ ನೂರರಿಂದ. ಪ್ರಾಂತ ಪ್ರಾಂತಕ್ಕೆ ಗುರುತುಗಳು ಹೇಗೆ ಬದಲಾದವೆಂಬುದನ್ನು ತಿಳಿಸುವುದೂ ಆ ನೂರೇ. ಶಂಖದ ಗುರುತನ್ನು ತೆಗೆದುಕೊಳ್ಳಿ. ಒಂದು ಕಡೆಯ ಕಟ್ಟಿನಲ್ಲಿ ಅದು ವರಾಹನದು, ಮತ್ತೊಂದು ಕಡೆ ಬುದ್ಧನದು. ಶಂಖದ ಬಿಡಿ ಎಲೆಯೊಂದು ಕೈಗೆ ಸಿಕ್ಕಿದರೆ ಅದು ಯಾರದೆಂದು ಎಂಥ ಪಂಡಿತನೂ ಹೇಳಲಾರನು. ಜೊತೆಗಾರ ಎಲೆಗಳು ಇದ್ದರೆ ಶಾಲೆಯ ಹುಡುಗನೂ ಹೇಳುತ್ತಾನೆ.

ನಮ್ಮ ಕಡೆಯ ಮಾತಿಗೆ ಬರುತ್ತೇನೆ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ನಾಲ್ಕು ತಾಲ್ಲೂಕುಗಳ ನೆಲದ ಬೆಲೆ ಏನಾಯಿತೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರಗಳ ಹಳೆಯ ಬೀದಿಗಳಲ್ಲಿ ತೊಟ್ಟಿಯ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಮನೆ ಬೀಳುವ ಮುನ್ನ ಅಟ್ಟ ಖಾಲಿಯಾಗುತ್ತದೆ. ತೊಲೆ, ಕಂಬ, ಬಾಗಿಲುವಾಡಗಳಿಗೆ ಬೆಲೆ ಕಟ್ಟುವವರು ಬರುತ್ತಾರೆ. ಹಿತ್ತಾಳೆ ತಾಮ್ರ ತೂಕಕ್ಕೆ ಹೋಗುತ್ತದೆ. ಚಿಕ್ಕ ಮರದ ಪೆಟ್ಟಿಗೆ, ಜಾರುವ ಮುಚ್ಚಳ, ಒಳಗೆ ಬಣ್ಣ ಮಾಸಿದ ದುಂಡು ಬಿಲ್ಲೆಗಳು ಇದ್ದರೆ, ಅದು ಏನೆಂದು ಹೇಳಬಲ್ಲ ಅಜ್ಜಿ ಆ ಮನೆಯಲ್ಲಿ ಈಗ ಇಲ್ಲದೆ ಹೋದರೆ, ಅದು ಮಕ್ಕಳ ಕೈಗೋ ಗುಜರಿಯ ಮೂಟೆಗೋ ಹೋಗುವುದು. ಪ್ರತಿ ಅಟ್ಟದಲ್ಲಿಯೂ ಗಂಜೀಫಾ ಇದೆಯೆಂದು ಹೇಳುವಷ್ಟು ಭೋಳೆತನ ನನ್ನಲ್ಲಿಲ್ಲ. ಸಿಕ್ಕರೆ ಅರಮನೆಯ ಛದ ಸಿಗುವುದಕ್ಕಿಂತ ದಶಾವತಾರದ ಎಲೆ ಸಿಗುವುದೇ ಹೆಚ್ಚು ಸಂಭವ. ಆದರೂ ಬಿಸಾಡುವ ಮುನ್ನ ತೆರೆದು ನೋಡಲು ಖರ್ಚೇನೂ ಇಲ್ಲವಷ್ಟೆ.

ಸಿಕ್ಕರೆ ಮಾಡಬೇಕಾದ್ದು ಸ್ವಲ್ಪವೇ, ಮಾಡಬಾರದ್ದೇ ಹೆಚ್ಚು. ನೀರಿನಿಂದ ಒರಸಬೇಡಿ, ಅರಗು ಬಿರಿದ ಕಡೆ ನೀರು ಇಳಿದರೆ ಸುಣ್ಣದ ಪದರವೇ ಏಳುತ್ತದೆ. ಹೊಳಪಿಗೆಂದು ಎಣ್ಣೆ ಹಚ್ಚಬೇಡಿ. ಹಿಂದುಗಡೆ ಮಸಿಯಿಂದ ಹೆಸರು ಬರೆಯಬೇಡಿ, ಏಕೆಂದರೆ ಬರಿಯ ಬಣ್ಣದ ಆ ಹಿಂಭಾಗವೇ ಎಲೆ ಯಾವ ಕಟ್ಟಿನದೆಂಬುದಕ್ಕೆ ಸಾಕ್ಷಿ. ಎರಡು ಕಟ್ಟುಗಳು ಬೆರೆತಿದ್ದರೆ ಹಿಂದಿನ ಬಣ್ಣವನ್ನೂ ಅಗಲವನ್ನೂ ನೋಡಿ ಬೇರೆ ಮಾಡಬಹುದು. ಎಣಿಸಿ. ಪಂಗಡವಾರು ಜೋಡಿಸಿ, ಯಾವುದು ಇದೆ ಯಾವುದು ಇಲ್ಲ ಎಂದು ಒಂದು ಕಾಗದದಲ್ಲಿ ಬರೆಯಿರಿ. ಮನೆಯಲ್ಲಿ ಯಾರ ಕಾಲದಿಂದ ಇತ್ತು, ಯಾವ ಊರಿನಿಂದ ಬಂತು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಅದೇ ಕಾಗದದಲ್ಲಿ ಸೇರಿಸಿ. ಎರಡೂ ಕಡೆಯ ಛಾಯಾಚಿತ್ರ ತೆಗೆಯಿರಿ. ಈಗ ಎಲ್ಲರ ಕೈಯಲ್ಲಿಯೂ ಅದಕ್ಕೆ ಸಾಧನವಿದೆ. ಅಂಗಡಿಯವನು ಅರಸರನ್ನು ಮಾತ್ರ ಕೊಡಿ, ಒಳ್ಳೆಯ ಬೆಲೆ ಕೊಡುತ್ತೇನೆ ಎಂದರೆ ಕೊಡಬೇಡಿ. ಮಾರಲೇಬೇಕಾದರೆ ಕಟ್ಟನ್ನು ಕಟ್ಟಾಗಿಯೇ ಮಾರಿ; ಮುರಿದದ್ದು, ಹರಿದದ್ದು, ಖಾಲಿ ಪೆಟ್ಟಿಗೆ ಎಲ್ಲವನ್ನೂ ಸೇರಿಸಿ.

ಕಾನೂನಿನ ಮಾತೂ ಒಂದುಂಟು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಶಾಸನದಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಚಿತ್ರ, ಶಿಲ್ಪ, ಕರಕುಶಲದ ವಸ್ತುಗಳು ಪ್ರಾಚ್ಯವಸ್ತುಗಳು. ಅವುಗಳನ್ನು ಖಾಸಗಿಯವರು ದೇಶದ ಹೊರಕ್ಕೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರ ಮಾಡುವವನಿಗೆ ಪರವಾನಗಿ ಇರಬೇಕು. ವಿದೇಶದಲ್ಲಿರುವ ಅಳಿಯನಿಗೆ ನೆನಪಿನ ಕಾಣಿಕೆಯೆಂದು ಅಜ್ಜನ ಗಂಜೀಫಾವನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ಉತ್ಸಾಹವುಳ್ಳವರು ಇದನ್ನು ತಿಳಿದಿರಲಿ.

ನೋಡಬೇಕೆಂಬ ಆಸೆಯಾದರೆ ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯನ್ನು ಹೊಕ್ಕು ಬನ್ನಿ. ಅದು ಮುಮ್ಮಡಿಯವರ ಕಾಲದಲ್ಲಿಯೇ, 1861ರಲ್ಲಿ, ಕಟ್ಟಿದ್ದು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ವೆಂಬ ಹೆಸರಿನಲ್ಲಿ ಹಳೆಯ ಆಟಗಳ ಪ್ರದರ್ಶನಗಳನ್ನು ಆ ಊರಿನಲ್ಲಿ ನಡೆಸಿದ್ದಾರೆ, ಚೌಕಾಬಾರ, ಪಗಡೆ, ಅಳಗುಳಿಮಣೆಗಳ ಜೊತೆಗೆ ಗಂಜೀಫಾವನ್ನೂ ಬಲ್ಲ ಜನ ಅವರು. ಶ್ರೀತತ್ತ್ವನಿಧಿಯ ಹಸ್ತಪ್ರತಿ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ. ಕೌತುಕನಿಧಿಯ ಛದಪ್ರಕರಣವನ್ನು ಚಿತ್ರಸಹಿತವಾಗಿ, ಸರಳವಾದ ಕನ್ನಡದ ವಿವರಣೆಯೊಡನೆ ಒಂದು ಚಿಕ್ಕ ಪುಸ್ತಕವಾಗಿ ತಂದರೆ, ಅಟ್ಟದಿಂದ ಇಳಿದ ಬಿಡಿ ಎಲೆಯನ್ನು ಹಿಡಿದುಕೊಂಡು ಬಂದ ಹೊಸಕೋಟೆಯ ಹುಡುಗಿಯೊಬ್ಬಳು ಪುಟ ತಿರುವಿ, ಇದು ಇಂಥ ಪಂಗಡದ ಇಷ್ಟನೆಯ ಎಲೆಯೆಂದು ತಾನೇ ಗುರುತಿಸಬಹುದು. ಸಂಸ್ಕೃತ ಬಲ್ಲ ಒಬ್ಬರು, ಚಿತ್ರ ಬಲ್ಲ ಒಬ್ಬರು, ಆಟವನ್ನು ಕಲಿಯುವ ತಾಳ್ಮೆಯುಳ್ಳ ಇಬ್ಬರು, ಇಷ್ಟು ಜನ ಸೇರಿದರೆ ಒಂದು ವರ್ಷದ ಕೆಲಸ.